ಆರು ತೂತಿನ ನಾಜಲ್ಲು

ಹನಿ ಮೇಸ್ತ್ರಿಗೆ ಆ ಹೆಸರು ಬಂದದ್ದು ಅವನು ಹನಿಯನ್ನು ಸಹಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಡೀಸೆಲ್ ಇಂಜಿನ್ನುಗಳ ಇಂಜೆಕ್ಟರ್ ರಿಪೇರಿ ಅವನ ಕಸುಬು. ಬಸ್ಸು ನಿಲ್ಲುವ ಜಾಗದ ಹಿಂದೆ, ಟೈರಿನ ಅಂಗಡಿಗೂ ಬೆಸುಗೆ ಹಾಕುವವನ ಶೆಡ್ಡಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವನು ಬಾಗಿಲಲ್ಲೇ ನಿಲ್ಲಬೇಕಾದಷ್ಟು ದೊಡ್ಡ ಅಂಗಡಿ ಅವನದು. ಬೆಂಚಿನ ಮೇಲೆ ಕೈಯಿಂದ ಒತ್ತುವ ಟೆಸ್ಟರು. ಅದಕ್ಕೆ ಇಂಜೆಕ್ಟರನ್ನು ಸಿಕ್ಕಿಸಿ ಹಿಡಿ ಒತ್ತಿದರೆ ಗೇಜಿನ ಮುಳ್ಳು ಏರುತ್ತಾ ಹೋಗುತ್ತದೆ. ಒಂದು ಹಂತಕ್ಕೆ ಬಂದಾಗ ಇಂಜೆಕ್ಟರಿನ ತುದಿಯ ನಾಜಲ್ಲಿನ ಒಳಗಿರುವ ಸೂಜಿ ಮೇಲೆದ್ದು, ಕಿರ್ರೆಂದು ಸದ್ದು ಮಾಡಿ ಡೀಸೆಲ್ ಹೊರಗೆ ಹಾರುತ್ತದೆ. ನಾಜಲ್ಲು ಒಳ್ಳೆಯದಿದ್ದರೆ ಹಾರುವುದು ಎಣ್ಣೆಯಲ್ಲ, ಮಂಜು. ಕೆಟ್ಟಿದ್ದರೆ ದಾರದ ಹಾಗೆ ಚಿಮ್ಮುತ್ತದೆ, ನಿಂತ ಮೇಲೂ ತುದಿಯಲ್ಲಿ ಒಂದು ಹನಿ ಕಟ್ಟಿಕೊಂಡು ತೂಗುತ್ತದೆ. ಆ ಹನಿ ಕಂಡರೆ ಮೇಸ್ತ್ರಿ, ಮಗ ಮೂಗು ಸುರಿಸಿಕೊಂಡು ನೆಂಟರ ಮುಂದೆ ಬಂದು ನಿಂತ ಹಾಗೆ ನಾಚಿಕೊಳ್ಳುತ್ತಿದ್ದ.

ಸುತ್ತಲಿನ ಹಳ್ಳಿಗಳ ಟ್ರ್ಯಾಕ್ಟರು, ನೀರೆತ್ತುವ ಪಂಪು, ಲಾರಿ, ಎಲ್ಲದರ ಗಂಟಲೂ ಅವನ ಕೈಯಲ್ಲಿ ತೊಳೆಸಿಕೊಂಡದ್ದೇ. ಯಾರೇ ಇಂಜೆಕ್ಟರು ತಂದರೂ ಅವನ ಕೆಲಸದ ಕ್ರಮ ಒಂದೇ. ಮೊದಲು ಟೆಸ್ಟರಿನಲ್ಲಿ ಕೆಟ್ಟದ್ದನ್ನು ತೋರಿಸುವುದು. ಆಮೇಲೆ ಬಿಚ್ಚಿ, ಮಸಿ ತೆಗೆದು, ಕೂದಲೆಳೆಯ ತಂತಿಯಿಂದ ಒಂದೊಂದೇ ತೂತು ಚೊಕ್ಕಟ ಮಾಡಿ, ಸೂಜಿಯನ್ನು ಅದರದೇ ಮನೆಗೆ ಉಜ್ಜಿ ಕೂರಿಸಿ, ಸ್ಪ್ರಿಂಗಿನ ಕೆಳಗೆ ತೆಳು ಬಿಲ್ಲೆ ಇಟ್ಟು ಒತ್ತಡ ಸರಿಪಡಿಸಿ, ಮತ್ತೆ ತೋರಿಸುವುದು. ಅರ್ಧ ಗಂಟೆಯ ಕೆಲಸ. ಹೊಸ ನಾಜಲ್ಲು ಕೊಳ್ಳಿ ಎಂದು ಅವನು ಹತ್ತರಲ್ಲಿ ಒಬ್ಬರಿಗೂ ಹೇಳುತ್ತಿರಲಿಲ್ಲ.

ಹೇಳಿದ್ದು ತನ್ನ ಸ್ವಂತ ಅಕ್ಕನಿಗೆ.

ಅಕ್ಕನಿಗೆ ಹಿಟ್ಟಿನ ಗಿರಣಿ. ಊರಿನ ಅಂಚಿನಲ್ಲಿ, ಆಸ್ಪತ್ರೆಯ ಹಿಂಗೋಡೆಗೂ ತರಕಾರಿ ಹೊಲಗಳಿಗೂ ನಡುವೆ, ತಗಡಿನ ಚಾವಣಿಯ ಉದ್ದನೆಯ ಕೋಣೆ. ಒಂದು ತುದಿಗೆ ಬೀಸುವ ಕಲ್ಲು, ಇನ್ನೊಂದು ತುದಿಗೆ ಒಂಟಿ ಸಿಲಿಂಡರಿನ ಮುದಿ ಇಂಜಿನ್ನು, ನಡುವೆ ಉದ್ದನೆಯ ಬೆಲ್ಟು. ಅಕ್ಕನ ಹುಬ್ಬಿನ ಮೇಲೆ ಸದಾ ಹಿಟ್ಟು. ಅವಳ ಗಂಡ, ಮೇಸ್ತ್ರಿಯ ಭಾವ, ಮೂಟೆ ಎತ್ತುವವನು. ದಿನಕ್ಕೆ ಎತ್ತುವ ಮೂಟೆಗಳಿಗಿಂತ ಆಡುವ ಮಾತು ಕಡಿಮೆ. ಗಿರಣಿಯ ಹೊಗೆ ಕೊಳವೆ ಆಸ್ಪತ್ರೆಯ ಗೋಡೆಯತ್ತ ಮುಖ ಮಾಡಿತ್ತು. ಬರಬರುತ್ತಾ ಆ ಕೊಳವೆಯಿಂದ ಕಪ್ಪು ಹೊಗೆ ಬರತೊಡಗಿ, ಗಾಳಿ ತಿರುಗಿದ ದಿನ ವಾರ್ಡಿನ ಕಿಟಕಿಗಳಿಗೆ ನುಗ್ಗುತ್ತಿತ್ತು.

ಆಸ್ಪತ್ರೆಯ ಅಡುಗೆಮನೆಗೆ ಹಿಟ್ಟು ಬೀಸಿಕೊಡುತ್ತಿದ್ದದ್ದೂ ಇದೇ ಗಿರಣಿ. ಊರಿನವರು ತರುವ ಚೀಲಗಳಿಂದ ಇಂಜಿನ್ನಿನ ಹೊಟ್ಟೆ ತುಂಬುತ್ತಿತ್ತೇ ಹೊರತು ಮನೆಯವರದಲ್ಲ. ಮನೆ ನಡೆಯುತ್ತಿದ್ದದ್ದು ಆಸ್ಪತ್ರೆಯ ಮೂಟೆಗಳಿಂದ. ಹೀಗಿರುವಾಗ ಒಂದು ಬೆಳಿಗ್ಗೆ ಅಡುಗೆಮನೆಯ ಮೇಲ್ವಿಚಾರಕರು ಕಂಕುಳಲ್ಲಿ ಕಡತ ಇಟ್ಟುಕೊಂಡು ಬಂದರು. ತೆಳ್ಳಗಿನ, ಮೆಲುದನಿಯ, ಅಂಗಿಯ ಜೇಬಿನಲ್ಲಿ ಮೂರು ಬಣ್ಣದ ಪೆನ್ನು ಇಟ್ಟುಕೊಂಡಿದ್ದ ಮನುಷ್ಯ.

"ನೋಡಮ್ಮ, ಕೆಮ್ಮು ವಾಸಿ ಆಗಲಿ ಅಂತ ಬಂದವರಿಗೆ ನಿಮ್ಮ ಗಿರಣಿ ಕೆಮ್ಮು ಕೊಡ್ತಾ ಇದೆ ಅಂತ ಡಾಕ್ಟರು ಬರೆದಿದ್ದಾರೆ," ಎಂದರು. "ಇನ್ನು ಹತ್ತು ದಿನದಲ್ಲಿ ಹೊಗೆ ನಿಲ್ಲಬೇಕು. ಇಲ್ಲದಿದ್ರೆ ನಮ್ಮ ಮೂಟೆ ಎದುರು ಬೀದಿಯ ಕರೆಂಟ್ ಗಿರಣಿಗೆ ಹೋಗುತ್ತೆ. ನನಗೇನೂ ನಿಮ್ಮ ಮೇಲೆ ಹಗೆ ಇಲ್ಲ."

ಅಕ್ಕ ತಮ್ಮನಿಗೆ ಹೇಳಿಕಳಿಸಿದಳು. ತಮ್ಮ ಬಂದ, ಕೊಳವೆ ನೋಡಿದ, ಹೊಗೆ ನೋಡಿದ, ನಕ್ಕ. ಇಂಜೆಕ್ಟರು ಬಿಚ್ಚಿಕೊಂಡು ಅಂಗಡಿಗೆ ಹೋದ. ಜೊತೆಗೆ ಅಕ್ಕನೂ, ಇದರಲ್ಲೇನಿದೆ ನೋಡಿಯೇ ಬಿಡೋಣ ಎಂದು ಅಲ್ಲೇ ಕಾದಿದ್ದ ಮೇಲ್ವಿಚಾರಕರೂ ಹೋದರು.

ಟೆಸ್ಟರಿನಲ್ಲಿ ಹಳೆಯ ನಾಜಲ್ಲು ಮಾನ ಕಳೆಯಿತು. ನಾಲ್ಕು ತೂತುಗಳಲ್ಲಿ ಒಂದು ಪೂರ್ತಿ ಕಟ್ಟಿತ್ತು, ಇನ್ನೊಂದು ಓರೆಯಾಗಿ ಉಗುಳುತ್ತಿತ್ತು, ತುದಿಯಲ್ಲಿ ದಪ್ಪ ಹನಿ.

"ನೋಡಿದ್ರಾ ಸಾರ್? ಡೀಸೆಲ್ಲು ಮಂಜಿನ ಹಾಗೆ ಒಳಗೆ ಹೋದ್ರೆ ಪ್ರತಿ ಕಣಕ್ಕೂ ಗಾಳಿ ಸಿಗುತ್ತೆ, ಪೂರ್ತಿ ಉರಿಯುತ್ತೆ. ಹನಿಯಾಗಿ ಬಿದ್ರೆ ಹನಿಯ ಮೈ ಮಾತ್ರ ಉರಿಯುತ್ತೆ, ಹೊಟ್ಟೆ ಉರಿಯಲ್ಲ. ಉರಿಯದೇ ಉಳಿದದ್ದೇ ನಿಮ್ಮ ಕಿಟಕಿಗೆ ಬರೋ ಮಸಿ."

ಮೇಲ್ವಿಚಾರಕರು ಇದನ್ನು ಬರೆದುಕೊಂಡರು. ಬೇರೆ ಯಾರಾದರೂ ಆಗಿದ್ದರೆ ಮೇಸ್ತ್ರಿ ಆಗಲೇ ತಂತಿ ಕೈಗೆತ್ತಿಕೊಂಡು ಅರ್ಧ ಗಂಟೆಯಲ್ಲಿ ಅದೇ ನಾಜಲ್ಲನ್ನು ತೊಳೆದು ಕೊಡುತ್ತಿದ್ದ. ಆದರೆ ನಿಂತಿದ್ದವಳು ಅಕ್ಕ. ತಾಯಿ ಹೋದ ಮೇಲೆ ಇವನ ತಲೆ ಬಾಚಿದವಳು, ತನ್ನ ಮದುವೆಯ ದಿನವೂ ಇವನಿಗೆ ಉಣ್ಣಿಸಿ ಆಮೇಲೆ ಪಕ್ಕದಲ್ಲಿ ಗಂಡನಿದ್ದಾನೆ ಎಂದು ನೆನಪು ಮಾಡಿಕೊಂಡವಳು. ಊರಿಗೆಲ್ಲ ಮಾಡಿಕೊಡುವ ತೊಳೆಯುವ ಕೆಲಸವನ್ನೇ ಅವಳಿಗೂ ಮಾಡಿಕೊಟ್ಟರೆ ತಮ್ಮನಾಗಿ ಇದ್ದೇನು ಬಂತು? ಅವನು ಕಪಾಟಿನಿಂದ ಎಣ್ಣೆ ಕಾಗದದ ಪೊಟ್ಟಣ ತೆಗೆದ. ಯಾವುದೋ ದೊಡ್ಡ ಟ್ರ್ಯಾಕ್ಟರಿಗೆ ಎಂದು ತರಿಸಿದ್ದ ಹೊಸ ನಾಜಲ್ಲು. ಮೈಕಟ್ಟು ಒಂದೇ, ಹಳೆಯದರ ಜಾಗಕ್ಕೆ ಸರಿಯಾಗಿ ಕೂರುತ್ತದೆ. ತೂತು ಮಾತ್ರ ಆರು, ಒಂದೊಂದೂ ಹಳೆಯದಕ್ಕಿಂತ ಸಣ್ಣ.

ಸಿಕ್ಕಿಸಿ ಹಿಡಿ ಒತ್ತಿದ. ಆರು ಕಡೆಗೆ ಆರು ಮಂಜಿನ ಗರಿ ಬಿಚ್ಚಿ, ಒಂದು ಕ್ಷಣ ಗಾಳಿಯಲ್ಲಿ ನಿಂತು ಕರಗಿದವು. ಹನಿ ಇಲ್ಲ. ಮೇಲ್ವಿಚಾರಕರಂಥ ಮೇಲ್ವಿಚಾರಕರೇ "ಅಬ್ಬ" ಎಂದರು.

"ತೂತು ಎಷ್ಟಿದೆ ಅಂದ್ರಿ?"

"ಆರು ಸಾರ್."

ಅವರು ಹಸಿರು ಪೆನ್ನು ತೆಗೆದು 'ಆರು ರಂಧ್ರಗಳುಳ್ಳ ಆಧುನಿಕ ಇಂಧನ ಸಿಂಪಡಣಾ ಸಾಧನವನ್ನು ಅಳವಡಿಸಿ ಹೊಗೆಯನ್ನು ಸಂಪೂರ್ಣವಾಗಿ ನಿವಾರಿಸಲಾಗುವುದು' ಎಂದು ಬರೆದು, ಅಕ್ಕನ ಸಹಿ ಪಡೆದು ಹೋದರು.

"ಹಳೇದಕ್ಕೇನಾಗಿತ್ತು? ತೊಳೆದ್ರೆ ಸಾಕಿತ್ತೇನೋ," ಎಂದಳು ಅಕ್ಕ ದಾರಿಯಲ್ಲಿ.

"ಸುಮ್ಮನಿರೇ. ನಿನಗೆ ಒಳ್ಳೇದು ಕೊಟ್ರೆ ಜೀರ್ಣ ಆಗಲ್ಲ."

ಹೊಸ ನಾಜಲ್ಲು ಕೂರಿಸಿ ಇಂಜಿನ್ನು ಹೊರಡಿಸಿದರು. ಬರಿದೇ ಓಡುವಾಗ ಪರವಾಗಿಲ್ಲ ಎನ್ನುವಂತಿತ್ತು. ಭಾವ ಬೆಲ್ಟು ಹಾಕಿ, ಕಲ್ಲಿನ ಬಾಯಿಗೆ ಗೋಧಿ ಸುರಿದ. ಇಂಜಿನ್ನು ಒಂದು ಸಲ ನಿಟ್ಟುಸಿರು ಬಿಟ್ಟು, ಗಾಲಿ ನಿಧಾನವಾಗಿ, ಕೊಳವೆಯಿಂದ ಹೊಗೆ ಬಂತು. ಹಳೆಯ ಹೊಗೆ ಇದರ ಮುಂದೆ ಊದುಬತ್ತಿ. ಗೋಡೆಯಾಚೆ ಪಟಪಟನೆ ಕಿಟಕಿ ಮುಚ್ಚಿಕೊಳ್ಳುವ ಸದ್ದು ಕೇಳಿಸಿತು.

"ಹೊಸದಲ್ವಾ, ಹೊಂದಿಕೊಳ್ಳೋಕೆ ಒಂದು ದಿನ ಬೇಕು," ಎಂದ ಮೇಸ್ತ್ರಿ.

ಮರುದಿನವೂ ಹೊಂದಿಕೊಳ್ಳಲಿಲ್ಲ. ಮೇಸ್ತ್ರಿ ಇಂಜೆಕ್ಟರು ಬಿಚ್ಚಿ ಅಂಗಡಿಗೆ ಓಡಿದ, ಟೆಸ್ಟರಿನಲ್ಲಿ ನೋಡಿದ. ಆರು ಗರಿ, ಹನಿ ಇಲ್ಲ. ವಾಪಸು ತಂದು ಹಾಕಿದ, ಕಪ್ಪು ಹೊಗೆ. ನಾಜಲ್ಲಿನದು ತಪ್ಪಿಲ್ಲ ಎಂಬುದು ಕಣ್ಣಾರೆ ಕಂಡಿದ್ದರಿಂದ ತಪ್ಪು ಇಂಜಿನ್ನಿನದೇ ಆಗಬೇಕಿತ್ತು. ಗಾಳಿ ಸೋಸುವ ಡಬ್ಬಿ ತೊಳೆದ. ಪಂಪು ಎಣ್ಣೆ ತಳ್ಳುವ ಹೊತ್ತನ್ನು ಒಂದು ಹಲ್ಲು ಮುಂದೆ ತಂದ. ಇಂಜಿನ್ನು ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು ಮಾಡಿತು. ಹಿಂದೆ ತಂದ, ಬಿಳಿ ಹೊಗೆಯೂ ಸೇರಿಕೊಂಡಿತು. ಕವಾಟಗಳ ಸಂದು ಹೊಂದಿಸಿದ. ಐದನೆಯ ದಿನ ಡೀಸೆಲ್ಲೇ ಸರಿಯಿಲ್ಲ ಎಂದು ಬೇರೆ ಕಡೆಯಿಂದ ಡಬ್ಬದಲ್ಲಿ ತಂದು ಹುಯ್ದ. ಊರಿನ ಚೀಲಗಳು ಸೈಕಲ್ಲಿನ ಮೇಲೆ ಬಂದು, ಮುಚ್ಚಿದ ಬಾಗಿಲು ನೋಡಿ, ಎದುರು ಬೀದಿಗೆ ಹೋಗತೊಡಗಿದವು.

"ಲೋ, ನೀನು ಬರೋಕೆ ಮುಂಚೆ ಇದು ಹೊಗೆ ಬಿಡ್ತಿತ್ತು, ಆದ್ರೆ ಬೀಸ್ತಿತ್ತು," ಎಂದಳು ಅಕ್ಕ. "ಈಗ ಹೊಗೆ ಬೀಸೋ ಗಿರಣಿ ಮಾಡಿಟ್ಟಿದ್ದೀಯ."

"ಅಕ್ಕ, ನಾಜಲ್ಲು ನೀನೇ ನೋಡಿದೆಯಲ್ಲ. ಅಂಥ ಸ್ಪ್ರೇ ನನ್ನ ಜನ್ಮದಲ್ಲಿ ನೋಡಿಲ್ಲ."

"ನೋಡಿದೆನಪ್ಪ. ಚೆನ್ನಾಗೇ ಇತ್ತು. ಇಂಜಿನ್ನಿಗೆ ಕಣ್ಣಿಲ್ಲವಲ್ಲ, ಅದಕ್ಕೆ ಹೇಗೆ ತೋರಿಸ್ತೀಯ?"

ಖಾಲಿ ಚೀಲ ಮಡಚುತ್ತಿದ್ದ ಭಾವ ಆಗ ಆ ವಾರದ ತನ್ನ ಮಾತನ್ನು ಆಡಿದ. "ಅಂಗಡೀಲಿ ಅದು ಬಯಲಿಗೆ ಉಗುಳುತ್ತೆ. ಇಲ್ಲಿ ಒಳಗೆ ಎಲ್ಲಿಗೆ ಉಗುಳ್ತಿದೆ ಅಂತ ನೋಡಿದ್ಯಾ?"

ಮೂಟೆ ಎತ್ತುವವನಿಂದ ಪಾಠ ಹೇಳಿಸಿಕೊಳ್ಳುವುದೇ ಎಂದು ಮೇಸ್ತ್ರಿಗೆ ಮೈ ಉರಿಯಿತು. ಊಟಕ್ಕೆ ಹೋದ. ಊಟ ಸೇರಲಿಲ್ಲ. ಹೆಂಡತಿ "ಏನಾಯ್ತು" ಎಂದಿದ್ದಕ್ಕೆ "ಭಾವ ಮಾತಾಡಿದ" ಎಂದ. ಅದು ಸಣ್ಣ ಸುದ್ದಿಯಲ್ಲ ಎಂದು ಅವಳಿಗೂ ಗೊತ್ತಿತ್ತು.

ಒಂಬತ್ತನೆಯ ದಿನ ಬೆಳಗಾಗುತ್ತಲೇ ಬಂದು ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡು ಬಿಚ್ಚಿದ. ಪಿಸ್ಟನ್ ರಿಂಗು ಸವೆದಿರಬೇಕು, ಅದನ್ನು ಭಾವನ ಮೂತಿಗೆ ಹಿಡಿಯಬೇಕು ಎಂಬುದು ಒಳಗಿನ ಲೆಕ್ಕ. ಭಾರದ ಹೆಡ್ಡನ್ನು ಭಾವನೇ ಎತ್ತಿ ಪಕ್ಕಕ್ಕಿಟ್ಟ. ಮೇಸ್ತ್ರಿ ಬಗ್ಗಿ ನೋಡಿದ. ಬಗ್ಗಿದವನು ಹಾಗೇ ಇದ್ದ.

ಆ ಪಿಸ್ಟನ್ನಿನ ನೆತ್ತಿಯಲ್ಲಿ ಆಳವಾದ ಒಂದು ಬಟ್ಟಲಿತ್ತು. ಕಿರಿದಾದ ಬಾಯಿ, ಒಳಗೆ ದುಂಡನೆಯ ಹೊಟ್ಟೆ. ಗಾಳಿ ಒಳಗೆ ಬಂದು ಆ ಬಟ್ಟಲಿನಲ್ಲಿ ಸುಳಿಯಾಗಿ ತಿರುಗುವುದು, ಎಣ್ಣೆ ಅದರೊಳಗೆ ಬಿದ್ದು ಗಾಳಿಯ ಜೊತೆ ಕಲೆತು ಉರಿಯುವುದು, ಇದು ಈ ಮುದಿ ಇಂಜಿನ್ನಿನ ರೀತಿ. ಆದರೆ ಮಸಿಯ ಗುರುತುಗಳು ಬಟ್ಟಲಿನೊಳಗೆ ಇರಲಿಲ್ಲ. ಬಟ್ಟಲಿನ ಅಂಚಿನ ಮೇಲೆ, ಅಂಚು ದಾಟಿ ಹೊರಗೆ, ಆರು ಕಪ್ಪು ಎಸಳು ಅಚ್ಚುಕಟ್ಟಾಗಿ ಮೂಡಿದ್ದವು. ಟ್ರ್ಯಾಕ್ಟರಿನ ಪಿಸ್ಟನ್ನಿಗೆ ಅಗಲವಾದ, ತಟ್ಟೆಯಂಥ ಬಟ್ಟಲು. ಅದಕ್ಕೆಂದು ಮಾಡಿದ ನಾಜಲ್ಲು ಎಣ್ಣೆಯನ್ನು ಅಗಲಕ್ಕೆ ಹರಡುತ್ತದೆ. ಇಲ್ಲಿ ಅದು ಬಟ್ಟಲಿಗೆ ಬೀಳದೆ ಅಂಚಿಗೆ ಬಡಿದು, ಅಲ್ಲೇ ಒದ್ದೆಯಾಗಿ, ಗಾಳಿ ಸಿಗದೆ ಕರಕಲಾಗಿತ್ತು. ಸಾಲದ್ದಕ್ಕೆ ತೂತು ಸಣ್ಣದಾಗಿದ್ದರಿಂದ ಅಷ್ಟೇ ಎಣ್ಣೆ ಹೊರಬರಲು ಹೆಚ್ಚು ಹೊತ್ತು ಹಿಡಿದು, ಪಿಸ್ಟನ್ನು ಕೆಳಗಿಳಿಯುವಾಗಲೂ ಸುರಿಯುತ್ತಲೇ ಇತ್ತು. ಉಂಡು ಕೈತೊಳೆದವರ ಎಲೆಗೆ ಬಡಿಸಿದ ಹಾಗೆ.

ಇಪ್ಪತ್ತಾರು ವರ್ಷ ಅವನು ನಾಜಲ್ಲಿನ ಬಾಯಿ ನೋಡಿದ್ದ. ಅದು ಯಾರ ಬಾಯಿಗೆ ಬೀಳುತ್ತದೆ ಎಂದು ನೋಡಿರಲಿಲ್ಲ. ನೋಡುವ ಪ್ರಸಂಗವೂ ಬಂದಿರಲಿಲ್ಲ. ಊರವರಿಗೆಲ್ಲ ಅವರವರ ನಾಜಲ್ಲನ್ನೇ ತೊಳೆದು ಕೊಟ್ಟಿದ್ದ; ಬೇರೆಯದನ್ನು ಹಾಕುವಷ್ಟು ಪ್ರೀತಿ ಅವನಿಗೆ ಇನ್ಯಾರ ಮೇಲೂ ಬಂದಿರಲಿಲ್ಲ.

"ರಿಂಗು ಹೋಗಿದೆಯಾ?" ಅಕ್ಕ ಕೇಳಿದಳು.

"ರಿಂಗು ಚೆನ್ನಾಗಿದೆ."

ಭಾವ ಬಗ್ಗಿ ಆರು ಎಸಳನ್ನು ನೋಡಿದ. ಏನೂ ಹೇಳಲಿಲ್ಲ. ಹೇಳಿದ್ದರೆ ಮೇಸ್ತ್ರಿಗೆ ಒಂದಿಷ್ಟು ಹಗುರವಾಗುತ್ತಿತ್ತು.

ಮಿಕ್ಕ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು. ಮಸಿ ಕೆರೆದು, ಡೀಸೆಲ್ ಸೇರಿ ತೆಳುವಾಗಿದ್ದ ತಳದ ಎಣ್ಣೆ ಬದಲಿಸಿ, ಹೆಡ್ಡು ಕೂರಿಸಿದರು. ಮೇಸ್ತ್ರಿ ಹಳೆಯ ನಾಲ್ಕು ತೂತಿನ ನಾಜಲ್ಲನ್ನು ಅಂಗಡಿಗೆ ಒಯ್ದು, ಅರ್ಧ ಗಂಟೆ ಕೂತು, ತೊಳೆದು, ತಂತಿ ಆಡಿಸಿ, ಒತ್ತಡ ಹೊಂದಿಸಿ ತಂದ. ಹಾಕಿ ಗಾಲಿ ತಿರುಗಿಸಿದರೆ ಇಂಜಿನ್ನು ಮೂರನೆಯ ಸುತ್ತಿನಲ್ಲೇ ಚಾಲೂ ಆಯಿತು. ಭಾವ ಗೋಧಿ ಸುರಿದ. ಗಾಲಿ ಕುಂದಲಿಲ್ಲ. ಕೊಳವೆಯ ಬಾಯಲ್ಲಿ ಹೊಗೆ ಇದೆಯೋ ಇಲ್ಲವೋ ಎಂದು ತಿಳಿಯಲು ಬಿಸಿ ಗಾಳಿಗೆ ಹಿಂದಿನ ಗೋಡೆ ನಡುಗಿದ ಹಾಗೆ ಕಾಣುತ್ತದೆಯೇ ಎಂದು ನೋಡಬೇಕಾಯಿತು. ಸಂಜೆಯವರೆಗೂ ಬೀಸಿದರು. ಗೋಡೆಯಾಚೆ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

"ನಾಳೆ ಮೇಲ್ವಿಚಾರಕರು ಬರ್ತಾರೆ," ಎಂದಳು ಅಕ್ಕ. "ನೀನೂ ಇರು."

"ಇರ್ತೀನಿ. ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀನಿ. ಕಸುಬಿನಲ್ಲಿ ಸುಳ್ಳು ಹೇಳಿದವನಲ್ಲ ನಾನು."

"ಹೇಳಬೇಕಾ?"

"ಹೇಳ್ಬೇಕು."

"ಹಾಗಾದ್ರೆ ಹೇಳು. ಅವರಿಗೆ ಬೇಕಾಗಿರೋದು ಹೊಗೆ ನಿಲ್ಲೋದು ತಾನೇ," ಎಂದು ಅಕ್ಕ ತೂಕದ ಕಲ್ಲು ಜೋಡಿಸತೊಡಗಿದಳು. ತಮ್ಮನ ಮಾನಕ್ಕಿಂತ ಮೂಟೆಯ ಚಿಂತೆ ದೊಡ್ಡದಿದ್ದರೂ, ಸತ್ಯ ಹೇಳಿದರೆ ಮೂಟೆ ಹೋಗಬಹುದು ಎಂದು ಅವಳಿಗೂ ಹೊಳೆಯಲಿಲ್ಲ.

ಮೇಲ್ವಿಚಾರಕರು ಹೇಳಿದ ಹೊತ್ತಿಗೆ ಬಂದರು. ಇಂಜಿನ್ನು ಕಲ್ಲಿನ ಪೂರ್ತಿ ಹೊರೆ ಹೊತ್ತು ಓಡುತ್ತಿತ್ತು. ಅವರು ಹೊರಗೆ ಹೋಗಿ ಕೊಳವೆ ನೋಡಿ, ಅದರ ಬಾಯಿಗೆ ಬಿಳಿ ಕರವಸ್ತ್ರ ಹಿಡಿದು, ಅದು ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿದದ್ದನ್ನು ಕಂಡು, ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಕಡತ ಬಿಚ್ಚಿದರು. ಇಂಜಿನ್ನಿನ ಸದ್ದಿಗೆ ಎಲ್ಲರೂ ಗಂಟಲೆತ್ತಿಯೇ ಮಾತಾಡಬೇಕಿತ್ತು.

"ಭೇಷ್! ಆರು ತೂತು ಅಂದ್ರೆ ಹೀಗಿರಬೇಕು!"

"ಸಾರ್, ಅದು ಆರಲ್ಲ, ನಾಲ್ಕು," ಎಂದ ಮೇಸ್ತ್ರಿ. "ಆರು ಹಾಕಿದ್ದೆ. ಅದು ಈ ಪಿಸ್ಟನ್ನಿಗೆ ಹೊಂದೋದಲ್ಲ, ಹೊಗೆ ಜಾಸ್ತಿ ಆಯ್ತು. ತಪ್ಪು ನನ್ನದೇ. ಹಳೇದನ್ನೇ ತೊಳೆದು ಹಾಕಿದ್ದೀನಿ."

ಮೇಲ್ವಿಚಾರಕರ ಪೆನ್ನು ಹಾಳೆಯ ಮೇಲೆ ನಿಂತಿತು.

"ನಾಲ್ಕಾ?"

"ಹೌದು ಸಾರ್."

"ನಾನು ಆರು ಅಂತ ಬರೆದು ಕಳಿಸಿದ್ದೀನಿ. ಮೇಲಿನವರು ಆರನ್ನು ಮಂಜೂರು ಮಾಡಿದ್ದಾರೆ. ನಾಲ್ಕು ತೂತಿನದು ಹೊಗೆ ಬಿಡುತ್ತೆ ಅಂತ ಇದೇ ಕಡತದಲ್ಲಿ ಇದೆ. ನೀವು ಹೇಳಿದ್ದೇ, ನಾನು ಬರೆದಿದ್ದೇ."

"ಆಗ ಅದು ಕಟ್ಟಿತ್ತು ಸಾರ್. ಈಗ ನೋಡಿ, ಹೊಗೆ ಇಲ್ಲವಲ್ಲ."

"ಇಲ್ಲ. ನನಗೇ ಕಾಣ್ತಾ ಇದೆ," ಎಂದು ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. "ಆದ್ರೆ ಹೊಗೆ ಇದೆಯಾ ಅಂತ ಬರೆಯೋ ಜಾಗ ಈ ಹಾಳೆಯಲ್ಲಿ ಇಲ್ಲ. ಸಾಧನದಲ್ಲಿ ರಂಧ್ರ ಎಷ್ಟು ಅಂತ ಇದೆ. ಪರಿಶೀಲಿಸಿ ಎಣಿಸಿದ್ದೇನೆ ಅಂತ ನಾನು ಸಹಿ ಮಾಡಬೇಕು. ನಾಲ್ಕು ಅಂತ ಬರೆದ್ರೆ ಇದು ಮೇಲೆ ಹೋಗಿ, ಅವರು ವಿವರಣೆ ಕೇಳಿ, ನಾನು ಕೊಟ್ಟು, ಅವರು ಒಪ್ಪಿ, ವಾಪಸು ಬರಬೇಕು. ಅಲ್ಲೀವರೆಗೆ ಮೂಟೆ ಕರೆಂಟ್ ಗಿರಣಿಗೇ ಹೋಗಬೇಕಾಗುತ್ತೆ."

"ಎಷ್ಟು ದಿನ?" ಅಕ್ಕ ಕೇಳಿದಳು.

"ನಮ್ಮಲ್ಲಿ ದಿನದ ಲೆಕ್ಕ ಇಲ್ಲಮ್ಮ."

ಅಕ್ಕ ತಮ್ಮನ ಕಡೆ ನೋಡಿದಳು. ಸಿಟ್ಟಿನ ನೋಟವಲ್ಲ, ಚಿಕ್ಕಂದಿನಲ್ಲಿ ಅವನು ಬಿದ್ದು ಮಂಡಿ ಒಡೆದುಕೊಂಡು ಬಂದಾಗ, ಮೊದಲು ಒರೆಸಲೋ ಮೊದಲು ಬಯ್ಯಲೋ ಎಂದು ತೋಚದೆ ನೋಡುತ್ತಿದ್ದ ನೋಟ. ಭಾವ ಮೂಟೆಯೊಂದನ್ನು ಅರ್ಧ ಎತ್ತಿ ಹಾಗೆಯೇ ಹಿಡಿದು ನಿಂತಿದ್ದ.

ಮೇಸ್ತ್ರಿ ಅಂಗಿಯ ಜೇಬಿಗೆ ಕೈ ಹಾಕಿದ. ಅಂಗಡಿಗೆ ವಾಪಸು ಒಯ್ಯಲೆಂದು ಅಲ್ಲಿಟ್ಟುಕೊಂಡಿದ್ದ ಎಣ್ಣೆ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಜೊತೆಗೆ ತನ್ನ ಭೂತಗನ್ನಡಿಯನ್ನೂ ತೆಗೆದು, ಎರಡನ್ನೂ ಮೇಲ್ವಿಚಾರಕರ ಅಂಗೈಯಲ್ಲಿಟ್ಟ.

"ಎಣಿಸಿ ಸಾರ್."

ಮೇಲ್ವಿಚಾರಕರು ಕನ್ನಡಕ ಹಣೆಗೇರಿಸಿ, ಕಿಟಕಿಯ ಬೆಳಕಿಗೆ ತಿರುಗಿ, ನಾಜಲ್ಲಿನ ತುದಿಯನ್ನು ಗಾಜಿನಡಿ ಹಿಡಿದು ಎಣಿಸಿದರು. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಅವರ ಬೆನ್ನ ಹಿಂದೆ ಇಂಜಿನ್ನು ದಡದಡನೆ ಓಡುತ್ತಲೇ ಇತ್ತು. ಕಲ್ಲು ತಿರುಗುತ್ತಿತ್ತು, ಬಿಸಿ ಹಿಟ್ಟು ಡಬ್ಬಕ್ಕೆ ಸುರಿಯುತ್ತಿತ್ತು.

"ಆರು," ಎಂದರು. "ಸರಿಯಾಗಿ ಆರು. ಮೊದಲೇ ತೋರಿಸೋದಲ್ವಾ?" ಹಸಿರು ಪೆನ್ನಿನಲ್ಲಿ ಬರೆದು, ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದು, ನೀಲಿಯಲ್ಲಿ ಸಹಿ ಹಾಕಿದರು. ಬೆರಳಿಗಂಟಿದ ಎಣ್ಣೆ ಒದರಿ, ನಾಜಲ್ಲನ್ನು ಹಿಂದಿರುಗಿಸಿದರು. "ಇದನ್ನ ಜೋಪಾನವಾಗಿ ಇಟ್ಟುಕೊಳ್ಳಿ. ಇದರಿಂದಲೇ ನಿಮ್ಮ ಗಿರಣಿ ಓಡ್ತಾ ಇರೋದು. ವರ್ಷಕ್ಕೆ ಎರಡು ಸಲ ಬಂದು ಎಣಿಸಬೇಕು ಅಂತ ಆದೇಶ ಇದೆ."

ಅವರಿಗೆ ನಿಜಕ್ಕೂ ತಿಳಿಯಲಿಲ್ಲವೋ, ತಿಳಿದರೂ ಬರೆಯುವ ಜಾಗ ಸಿಗಲಿಲ್ಲವೋ ಎಂಬುದನ್ನು ಮೇಸ್ತ್ರಿ ಅವರ ಮುಖ ನೋಡಿ ಗುರುತಿಸಲು ಯತ್ನಿಸಿದ. ಆಗಲಿಲ್ಲ. ಅವರು ಅಕ್ಕನಿಗೆ ನಮಸ್ಕಾರ ಹೇಳಿ, ಬಿಳಿ ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಅರ್ಧ ಗಂಟೆಯಲ್ಲಿ ಆಸ್ಪತ್ರೆಯ ತಳ್ಳುಗಾಡಿ ಮೂಟೆ ಹೇರಿಕೊಂಡು ಬಂತು.

ಆರು ತೂತಿನಿಂದ ಗಿರಣಿಯ ಹೊಗೆ ನಿಂತಿತೆಂದು ಮೂರು ದಿನದಲ್ಲಿ ಸುದ್ದಿ ಹರಡಿತು. ಟ್ರ್ಯಾಕ್ಟರಿನವರು, ಪಂಪಿನವರು ಅಂಗಡಿಗೆ ಬಂದು ಆರು ತೂತಿನದೇ ಬೇಕೆಂದರು. ಮೇಸ್ತ್ರಿ ಒಬ್ಬೊಬ್ಬರಿಗೂ ಬಿಡಿಸಿ ಹೇಳಿದ: ಅಕ್ಕನ ಇಂಜಿನ್ನಿನಲ್ಲಿರುವುದು ಹಳೆಯದೇ, ನಾಜಲ್ಲು ಬಟ್ಟಲಿಗೆ ಹೊಂದಬೇಕು, ತೂತು ಹೆಚ್ಚಾದರೆ ಉರಿ ಹೆಚ್ಚುವುದಿಲ್ಲ. ಎಲ್ಲರೂ ತಾಳ್ಮೆಯಿಂದ ಕೇಳಿಸಿಕೊಂಡರು.

"ಆಯ್ತಪ್ಪ, ಒಳ್ಳೇದೆಲ್ಲ ಸ್ವಂತ ಅಕ್ಕನಿಗೇ ಇರಲಿ," ಎಂದ ಒಬ್ಬ ಎದ್ದು ಹೋಗುತ್ತಾ. "ನಾವೇನು ಒಡಹುಟ್ಟಿದವರಾ?"

ಆರು ತೂತಿನ ನಾಜಲ್ಲು ಈಗ ಗಿರಣಿಯ ಗೋಡೆಯ ಗೂಡಿನಲ್ಲಿ, ಮುಚ್ಚಳದ ಡಬ್ಬಿಯೊಳಗೆ ಇದೆ. ತುಕ್ಕು ಹಿಡಿದು ಒಂದು ತೂತು ಮುಚ್ಚಿಕೊಂಡರೂ ಎಣಿಕೆ ತಪ್ಪಿ ಮೂಟೆ ಹೋಗುತ್ತದೆಂದು ಅಕ್ಕನಿಗೆ ಭಯ. ಆದ್ದರಿಂದ ತಿಂಗಳಿಗೊಮ್ಮೆ ಮೇಸ್ತ್ರಿ ಹೋಗಿ, ಓಡುವ ಇಂಜಿನ್ನಿನ ಪಕ್ಕ ಕೂತು, ಅದನ್ನು ಡಬ್ಬಿಯಿಂದ ತೆಗೆದು, ಆರೂ ತೂತಿಗೆ ತಂತಿ ಆಡಿಸಿ, ಎಣ್ಣೆ ಸವರಿ ಇಡುತ್ತಾನೆ. ಊರಿನಲ್ಲಿ ಅಷ್ಟು ಚೊಕ್ಕಟವಾದ ನಾಜಲ್ಲು ಇನ್ನೊಂದಿಲ್ಲ.

"ಒಳಗಿರೋದನ್ನ ಯಾವಾಗ ನೋಡ್ತೀಯ?" ಎಂದು ಭಾವ ಒಂದು ಸಲ ಕೇಳಿದ.

"ಅದಕ್ಕೇನಾಗಿದೆ, ಓಡ್ತಾ ಇದೆಯಲ್ಲ," ಎಂದ ಮೇಸ್ತ್ರಿ, ಐದನೆಯ ತೂತಿಗೆ ತಂತಿ ಹಾಕುತ್ತಾ.